ಹೂದೋಟ ಮಾಡದ ಇಸ್ತ್ರಿಯಮ್ಮ

ನಮ್ಮತ್ತೆಯನ್ನು ದೂರುವುದಕ್ಕೆ ನನಗಿರುವಷ್ಟು ಹಕ್ಕು ಈ ಭೂಮಿಯ ಮೇಲೆ ಇನ್ಯಾರಿಗೂ ಇಲ್ಲ. ಮದುವೆಯಾಗಿ ಬಂದಾಗಿನಿಂದ ಅವರೂ ನಾನೂ ಒಂದೇ ಮೇಜಿನ ಎರಡು ಬದಿಗೆ ನಿಂತು ಊರವರ ಬಟ್ಟೆ ಇಸ್ತ್ರಿ ಮಾಡುತ್ತಿದ್ದೇವೆ. ನಾನು ಮಡಿಸಿಟ್ಟ ಅಂಗಿಯನ್ನು ಬಿಚ್ಚಿ ತಾವೇ ಮತ್ತೆ ಮಡಿಸುತ್ತಾರೆ. ಗಿರಾಕಿಗಳ ಎದುರಿಗೇ "ಕಾಲರ್ ಸುಡೋದ್ರಲ್ಲಿ ನಮ್ಮ ಸೊಸೆದು ಎತ್ತಿದ ಕೈ" ಎನ್ನುತ್ತಾರೆ. ಇನ್ನು ಆ ಗಂಟಲು! ಗುಟ್ಟು ಹೇಳಿದರೂ ಬೀದಿ ಕೊನೆಯ ಔಷಧಿ ಅಂಗಡಿಯವನು ತಿರುಗಿ ನೋಡುತ್ತಾನೆ. ನಾನು ಬೈಯುವುದಿದ್ದರೆ ಇವಕ್ಕೆಲ್ಲ ಬೈಯುತ್ತೇನೆ, ಇರುವುದಕ್ಕೆ ಬೈಯುತ್ತೇನೆ. ಇಲ್ಲದ್ದನ್ನು ಹುಟ್ಟಿಸಿ ಹೊಗಳಿದರಲ್ಲ ಆ ಪುಸ್ತಕದವರು, ಅಂಥ ಅನ್ಯಾಯ ನಾನು ಅವರಿಗೆ ಯಾವತ್ತೂ ಮಾಡಿಲ್ಲ.

ಪುಸ್ತಕವೆಂದರೆ ಮಕ್ಕಳ ಚಿತ್ರಪುಸ್ತಕ. ರಾಜಕೀಯಕ್ಕೆ ಬಂದ ಹೆಂಗಸರ ಜೀವನಕತೆಗಳನ್ನು ದೊಡ್ಡ ದೊಡ್ಡ ಚಿತ್ರ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳುವ ಒಂದು ಮಾಲೆ. ದೇಶ ಆಳಿದವರದ್ದು, ಮಂತ್ರಿಯಾದವರದ್ದು ಆಗಲೇ ಬಂದಿದ್ದವಂತೆ. ಮಕ್ಕಳು ತಮ್ಮ ಬೀದಿಯಲ್ಲೇ ನೋಡಬಹುದಾದ ಒಬ್ಬರು ಬೇಕಾಗಿತ್ತಂತೆ ಅವರಿಗೆ. ನಮ್ಮಲ್ಲಿ ಬಟ್ಟೆ ಕೊಡುವ ಟೀಚರೊಬ್ಬರು, "ಹಾಗಾದ್ರೆ ನಮ್ಮ ಇಸ್ತ್ರಿಯಮ್ಮನ್ನ ನೋಡಿ, ಪುರಸಭೆಯನ್ನೇ ನಡುಗಿಸಿದವರು" ಎಂದು ಅಂಗಡಿಗೆ ದಾರಿ ತೋರಿಸಿದರು.

ಬಂದವಳು ಚಿಕ್ಕ ವಯಸ್ಸಿನ ಸಂಪಾದಕಿ. ಗುಂಡು ಕನ್ನಡಕ, ಹೆಗಲಿಗೆ ಬಟ್ಟೆಚೀಲ, ಕಾಲಿಗೆ ಕ್ಯಾನ್ವಾಸ್ ಬೂಟು. ನಾವು ಅವಳನ್ನು 'ಪುಸ್ತಕದವಳು' ಎಂದೇ ಕರೆದೆವು. ಸುಳ್ಳು ಯಾಕೆ ಹೇಳಲಿ, ಮೊದಲು ನನಗೂ ಇಷ್ಟವಾದಳು. ಕುರ್ಚಿ ಹುಡುಕದೆ ಬೆಡ್‌ಶೀಟಿನ ಗಂಟಿನ ಮೇಲೆ ಕುಳಿತು ಫೋನನ್ನು ಮೇಜಿನ ಮೇಲಿಟ್ಟು, "ಹೇಳಿ ಅಮ್ಮಾ, ಒಂದನ್ನೂ ಬಿಡಬೇಡಿ" ಎಂದಳು. ನಮ್ಮತ್ತೆಗೆ ಅಷ್ಟು ಸಾಲದೆ? ಇಸ್ತ್ರಿಪೆಟ್ಟಿಗೆ ಕೆಳಗಿಡದೆಯೇ ಶುರು ಮಾಡಿದರು.

ಅವರಪ್ಪ ತಳ್ಳುಗಾಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದವರು. ಮನೆಮನೆಗೆ ಬಟ್ಟೆ ಹೊತ್ತುಕೊಂಡು ಹೋಗಲು ಒಂದು ಜೊತೆ ಕಾಲು ಬೇಕಾಗಿತ್ತು. ತಮ್ಮಂದಿರ ಕಾಲು ಶಾಲೆಗೆ ಹೋದವು, ಇವರ ಕಾಲು ಗಾಡಿಯ ಹಿಂದೆ ಹೋದವು. ಎಡಗೈ ಮೇಲೆ ಮೊಣಕೈವರೆಗೂ ಒಂದು ಸುಟ್ಟ ಕಲೆ ಇದೆ, ಆಗಿನದ್ದು. ಮದುವೆಯಾದದ್ದು ಇನ್ನೊಬ್ಬ ಇಸ್ತ್ರಿಯವರನ್ನೇ. ನಮ್ಮ ಮಾವ ಬಾಯಿ ಸತ್ತ ಮನುಷ್ಯ, ಆದರೆ ಚಿನ್ನದಂಥವರು. ಮನೆಯ ಮಾತನ್ನೆಲ್ಲ ಹೆಂಡತಿಗೆ ಬಿಟ್ಟುಕೊಟ್ಟು ತಾವು ತಲೆ ತಗ್ಗಿಸಿ ಅಂಗಿಗಳ ಸುಕ್ಕು ತೆಗೆದುಕೊಂಡಿದ್ದರು.

ರಾಜಕೀಯ ಹೇಗೆ ಬಂತು ಅಂತೀರಾ? ಎದುರುಗಡೆಯ ಸೋಡಾ ಫ್ಯಾಕ್ಟರಿಯಿಂದ ಬಂತು. ಅದರ ಯಜಮಾನ ನಮ್ಮ ವಾರ್ಡಿನಿಂದ ಪ್ರತಿ ಸಲವೂ ಪುರಸಭೆಗೆ ಗೆದ್ದು ಹೋಗುತ್ತಿದ್ದ. ಒಂದು ಸಲ ಆ ಸ್ಥಾನಕ್ಕೆ ಹೆಂಗಸರೇ ನಿಲ್ಲಬೇಕು ಎಂದಾಯಿತು. ಹೆಂಡತಿಯನ್ನು ನಿಲ್ಲಿಸೋಣವೆಂದರೆ ಆಕೆ ಗಂಡನ ಮುಖ ನೋಡಿದರೆ ಸಾಕು ತವರಿಗೆ ಓಡುವವಳು. ಆಗ ಅವನ ಕಣ್ಣಿಗೆ ನಮ್ಮತ್ತೆ ಬಿದ್ದರು. ದಿನಾ ತನ್ನ ಅಂಗಿ ಮಡಿಸಿ ಕೊಡುವವಳು, ಹೇಳಿದ ಕಡೆ ಸಹಿ ಹಾಕುತ್ತಾಳೆ, ಹೇಳದ ಕಡೆ ಸುಮ್ಮನಿರುತ್ತಾಳೆ ಎಂದುಕೊಂಡ. ಸುಮ್ಮನಿರುವುದು! ನಮ್ಮತ್ತೆ! ಎದುರುಗಡೆಯೇ ಇದ್ದು ಅಷ್ಟು ವರ್ಷ ಅವನ ಕಿವಿ ಏನು ಮಾಡುತ್ತಿತ್ತೋ ಕಾಣೆ.

ಗೆದ್ದರು. ಮೊದಲ ಸಭೆಗೆ ಹೊರಟ ದಿನ ಮಾವ ಅವರ ಬಟ್ಟೆಯನ್ನು ತಾವೇ ಇಸ್ತ್ರಿ ಮಾಡಿಕೊಟ್ಟು, "ಹೋಗಿ ಬಾ. ಅಂಗಡಿ ನಾನು ನೋಡ್ಕೋತೀನಿ" ಎಂದರಂತೆ. ಅಷ್ಟು ಉದ್ದದ ಮಾತು ಅವರ ಬಾಯಿಂದ ಬಂದದ್ದೇ ಅಪರೂಪ. ಅಲ್ಲಿ ಹೋಗಿ ನೋಡಿದರೆ ಸದಸ್ಯೆಯ ಕುರ್ಚಿಯಲ್ಲಿ ಸೋಡಾ ಯಜಮಾನ ಕಾಲು ಮೇಲೆ ಕಾಲು ಹಾಕಿಕೊಂಡು ಕುಳಿತಿದ್ದ. ಇವರಿಗೆ ಗೋಡೆಯ ಪಕ್ಕದ ಬೆಂಚು ತೋರಿಸಿದ.

"ಏಳಿ" ಎಂದರು ನಮ್ಮತ್ತೆ.

"ನಿನಗೇನಮ್ಮ ಇದೆಲ್ಲ ಗೊತ್ತಾಗತ್ತೆ? ನಾನು ಮಾತಾಡ್ತೀನಿ, ನೀನು ಕೇಳ್ಕೊಂಡಿರು."

"ಜನ ಓಟು ಹಾಕಿದ್ದು ನನಗೆ. ನೀವು ಕೂತಿರೋದು ನನ್ನ ಕುರ್ಚಿ. ಏಳ್ತೀರೋ, ಇಲ್ಲ ಕುರ್ಚಿ ಸಮೇತ ಎತ್ತಿ ಹೊರಗಿಡಲೋ?"

ಬಟ್ಟೆಗಂಟು ಹೊತ್ತ ತೋಳುಗಳು ಅವು. ಯಜಮಾನ ಒಮ್ಮೆ ಆ ತೋಳು ನೋಡಿದ, ಎದ್ದ. ಅವತ್ತಿನಿಂದ ಅವನ ಅಂಗಿಗಳು ನಮ್ಮ ಅಂಗಡಿಗೆ ಬರುವುದು ನಿಂತಿತು.

ಇದನ್ನು ಕೇಳಿ ಪುಸ್ತಕದವಳು ಚಪ್ಪಾಳೆ ತಟ್ಟಿದಳು. ಆದರೆ ನಮ್ಮತ್ತೆಯ ಹೆಸರು ಊರಲ್ಲಿ ಉಳಿದದ್ದು ಕುರ್ಚಿಯಿಂದಲ್ಲ, ಕಕ್ಕಸಿನಿಂದ. ಹೌದು, ಕಕ್ಕಸು. ಓದುವವರು ಮೂಗು ಮುಚ್ಚಿಕೊಳ್ಳುವುದಿದ್ದರೆ ಈಗಲೇ ಮುಚ್ಚಿಕೊಳ್ಳಿ, ಮುಂದೆ ಪೂರ್ತಿ ಅದೇ ಇದೆ.

ನಮ್ಮ ತರಕಾರಿ ಮಾರುಕಟ್ಟೆಯಲ್ಲಿ ಕೂರುವವರೆಲ್ಲ ಹೆಂಗಸರೇ. ಬೆಳಕು ಹರಿಯುವ ಮುಂಚೆ ಸುತ್ತಲಿನ ಊರುಗಳಿಂದ ಬಂದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಅವರಿಗೆಂದು ಪುರಸಭೆ ಮಾರುಕಟ್ಟೆಯ ಮೂಲೆಯಲ್ಲಿ ಒಂದು ಕಕ್ಕಸು ಕಟ್ಟಿಸಿತ್ತು. ಕಲ್ಲಿನ ಮೇಲೆ ಉದ್ಘಾಟನೆ ಮಾಡಿದವರ ಹೆಸರು, ಬಾಗಿಲ ಮೇಲೆ ಬೀಗ. ಒಳಗೆ ಪುರಸಭೆಯ ಸಮಾರಂಭಗಳ ಕುರ್ಚಿ, ಬಣ್ಣದ ಡಬ್ಬ, ಹರಿದ ಬ್ಯಾನರು. ಹೆಂಗಸರಿಗಾಗಿ ಕಟ್ಟಿದ್ದರಲ್ಲಿ ಕುರ್ಚಿಗಳು ಆರಾಮಾಗಿ ಕುಳಿತಿದ್ದವು, ಹೆಂಗಸರು ಹೊಟ್ಟೆ ಹಿಡಿದುಕೊಂಡು ಹೊರಗೆ ಕುಳಿತಿದ್ದರು. ಮನೆ ಬಿಟ್ಟ ಮೇಲೆ ಯಾರೂ ನೀರು ಕುಡಿಯುತ್ತಿರಲಿಲ್ಲ. ಅದೇ ಅವರ ಪದ್ಧತಿ. ಪಕ್ಕದವಳು ನೀರು ಕೊಟ್ಟರೂ "ಬೇಡಕ್ಕ" ಎಂದು ತುಟಿ ಒದ್ದೆ ಮಾಡಿಕೊಂಡು ಬಿಡುತ್ತಿದ್ದರು, ಉರಿಬಿಸಿಲಿನಲ್ಲೂ. ಕಡೆಗೆ ಸೊಪ್ಪು ಮಾರುವ ಅಕ್ಕನೊಬ್ಬಳು ತಕ್ಕಡಿಯ ಮುಂದೆಯೇ ಚಳಿಜ್ವರದಿಂದ ನಡುಗಿ ಬಿದ್ದಳು. ಮೂತ್ರ ತಡೆದು ತಡೆದು ಮೂತ್ರಪಿಂಡಕ್ಕೇ ಸೋಂಕಾಗಿದೆ ಎಂದರು ಡಾಕ್ಟರು.

ನಮ್ಮತ್ತೆ ಸಭೆಯಲ್ಲಿ ಎದ್ದು ಆ ಬಾಗಿಲು ತೆಗೆಸಿ ಎಂದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕೆಂದರು. ಅಧ್ಯಕ್ಷರಂತೂ, "ಇಂಥ ವಿಷಯ ಎಲ್ಲ ಸಭೆಯಲ್ಲಿ ಮಾತಾಡೋದೇನಮ್ಮಾ? ನಾಚಿಕೆ ಬೇಡವೇ?" ಎಂದರು. ಇವರು ಮತ್ತೆ ಎದ್ದರು, ಮುಂದಿನ ಸಭೆಯಲ್ಲಿ ಎದ್ದರು, ಅದರ ಮುಂದಿನದರಲ್ಲೂ ಎದ್ದರು. ಪ್ರತಿ ಸಲವೂ ಅದೇ ಕಿಸಕ್ಕು.

ಆಮೇಲೆ ಬಜೆಟ್ ಸಭೆ ಬಂತು. ವರ್ಷದಲ್ಲಿ ಅತಿ ಉದ್ದದ ಸಭೆ ಅದು, ಬೆಳಿಗ್ಗೆ ಕೂತರೆ ಸಂಜೆ. ನಮ್ಮತ್ತೆ ಎಲ್ಲರಿಗಿಂತ ಮೊದಲೇ ಹೋಗಿ ಕಚೇರಿಯ ಗಂಡಸರ ಕಕ್ಕಸಿಗೆ ನಮ್ಮ ಅಂಗಡಿಯ ದೊಡ್ಡ ಬೀಗ ಜಡಿದು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ತಮ್ಮ ಕುರ್ಚಿಯಲ್ಲಿ ಕುಳಿತರು. ಅಷ್ಟೇ ಮಾಡಿದ್ದರೆ ಸಾಧಾರಣ ಹೆಂಗಸು ಎನ್ನಬಹುದಿತ್ತು. ಹೋಟೆಲಿನವನಿಗೆ ಹೇಳಿ ಎಲ್ಲರಿಗೂ ಮತ್ತೆ ಮತ್ತೆ ಚಹಾ ತರಿಸಿದರು. "ತಗೊಳ್ಳಿ ಅಣ್ಣಾ, ಇನ್ನೊಂದು ಲೋಟ. ಬಿಸಿಲು ಜಾಸ್ತಿ" ಎಂದು ತಾವೇ ಬಗ್ಗಿಸಿ ಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ರಸ್ತೆ ರಿಪೇರಿಯ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಒಬ್ಬರು ಕಾಲು ಅಲ್ಲಾಡಿಸುತ್ತಿದ್ದರು, ಒಬ್ಬರು ಹಣೆ ಒರೆಸಿಕೊಳ್ಳುತ್ತಿದ್ದರು. ಸೋಡಾ ಯಜಮಾನ ಅಷ್ಟರಲ್ಲಿ ಬೇರೆ ವಾರ್ಡಿನ ಉಪಚುನಾವಣೆಯಲ್ಲಿ ಗೆದ್ದು ಬಂದು ಅಲ್ಲೇ ಕುಳಿತಿದ್ದ, ಕಿಟಕಿಯ ಎತ್ತರ ಅಳೆಯುತ್ತಿದ್ದನಂತೆ. ಹೊರಗೆ ಎಲ್ಲಾದರೂ ಹೋಗೋಣವೆಂದರೆ ತರಕಾರಿ ಹೆಂಗಸರು ಕಾಂಪೌಂಡಿನ ಸುತ್ತ ಬುಟ್ಟಿ ಇಟ್ಟುಕೊಂಡು ಸಾಲಾಗಿ ಕುಳಿತಿದ್ದಾರೆ, ಒಂದು ಗೋಡೆಯನ್ನೂ ಬಿಟ್ಟಿಲ್ಲ. ಕೊನೆಗೆ ಅಧ್ಯಕ್ಷರೇ ಎದ್ದು ನಿಂತರು. ನೆಟ್ಟಗೆ ನಿಲ್ಲಲಾಗದೆ ಮೇಜು ಹಿಡಿದುಕೊಂಡು, "ಅಮ್ಮಾ, ದಯವಿಟ್ಟು ಬೀಗ ತೆಗೀರಿ" ಎಂದರು.

"ಇಂಥ ವಿಷಯ ಎಲ್ಲ ಸಭೆಯಲ್ಲಿ ಮಾತಾಡೋದಾ ಸ್ವಾಮಿ?" ಎಂದರು ನಮ್ಮತ್ತೆ. "ಮಾರುಕಟ್ಟೆ ಬೀಗದ ಕೈ ತರಿಸಿ. ಆ ಬಾಗಿಲು ತೆಗೆದ ಮೇಲೆ ಈ ಬಾಗಿಲು."

ಜವಾನ ಓಡಿದ. ಕುರ್ಚಿ, ಬಣ್ಣದ ಡಬ್ಬ, ಬ್ಯಾನರು ಎಲ್ಲವೂ ಬೀದಿಗೆ ಬಿದ್ದವು. ನೀರಿನ ಸಂಪರ್ಕಕ್ಕೆ ಅಲ್ಲೇ, ಆ ಸಭೆಯಲ್ಲೇ, ಒಬ್ಬರೂ ತಕರಾರಿಲ್ಲದೆ ಕೈ ಎತ್ತಿದರು. ಅಷ್ಟು ಬೇಗ ಯಾವ ನಿರ್ಣಯವೂ ನಮ್ಮ ಪುರಸಭೆಯಲ್ಲಿ ಪಾಸಾಗಿಲ್ಲ. ಅವತ್ತಿನಿಂದ ಮಾರುಕಟ್ಟೆಯ ಹೆಂಗಸರು ಪಕ್ಕದವಳಿಗೆ "ತಕ್ಕಡಿ ನೋಡ್ಕೊಳೇ, ಬಂದೆ" ಎಂದು ಎದ್ದು ಹೋಗುತ್ತಾರೆ, ಬಂದು ಒಂದು ಲೋಟ ನೀರು ಕುಡಿಯುತ್ತಾರೆ. ನಮ್ಮತ್ತೆ ಮಾತ್ರ ಮುಂದಿನ ಚುನಾವಣೆಯಲ್ಲಿ ಸೋತರು. ಆ ಹೆಂಗಸರೆಲ್ಲ ಬೇರೆ ಬೇರೆ ಊರಿನವರು, ಒಬ್ಬಳಿಗೂ ನಮ್ಮ ವಾರ್ಡಿನಲ್ಲಿ ಓಟಿರಲಿಲ್ಲ. ತಮಗೆ ಓಟು ಹಾಕಲಾಗದವರಿಗಾಗಿ ಊರಿನ ಗಂಡಸರನ್ನೆಲ್ಲ ಎದುರು ಹಾಕಿಕೊಂಡ ರಾಜಕಾರಣಿಯನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ಒಬ್ಬರನ್ನು ನೋಡಿದ್ದೇನೆ, ದಿನಾ ನನ್ನ ಎದುರಿಗೇ ನಿಂತು ನನ್ನ ಮಡಿಕೆಯನ್ನು ಹೀಯಾಳಿಸುತ್ತಾರೆ.

ಇಷ್ಟನ್ನೂ ಪುಸ್ತಕದವಳು ಕೇಳಿದಳು. ಚಹಾದ ಭಾಗಕ್ಕೆ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ಮಕ್ಕಳು ಇದನ್ನ ಬಿಡೋದೇ ಇಲ್ಲ ಅಮ್ಮಾ" ಎಂದಳು, ನನ್ನ ಕಿವಿಯಾರೆ ಕೇಳಿದ್ದೇನೆ. ಹೋಗುವಾಗ ನಮ್ಮತ್ತೆಯ ಎರಡೂ ಕೈ ಹಿಡಿದುಕೊಂಡಳು. ಅದಾದ ಮೇಲೆ ನಮ್ಮತ್ತೆ ಬೆಳಿಗ್ಗೆ ಎದ್ದರೆ ಪೋಸ್ಟಿನವನ ದಾರಿ ನೋಡುವುದೇ ಕೆಲಸ. ಹೇಳಿಕೊಳ್ಳಲಿಲ್ಲ, ಆದರೆ ನನಗೆ ಗೊತ್ತಾಗುವುದಿಲ್ಲವೇ? ಶಾಲೆಯ ಬಾಗಿಲೊಳಗೆ ತಾವು ಹೋಗಲಿಲ್ಲ, ತಮ್ಮ ಕತೆಯಾದರೂ ಹೋಗಲಿ ಎಂಬ ಆಸೆ.

ಪುಸ್ತಕ ಬಂತು. ನನ್ನ ಮಗಳು, ಮೂರನೇ ಕ್ಲಾಸು, ಅಂಗಡಿಯ ಹೊಸ್ತಿಲ ಮೇಲೆ ಕುಳಿತು ಗಟ್ಟಿಯಾಗಿ ಓದತೊಡಗಿದಳು. ರಟ್ಟಿನ ಮೇಲೆ ಒಬ್ಬಳು ಹೆಂಗಸು. ಚಹಾಕ್ಕೆ ಹಾಲು ಜಾಸ್ತಿಯಾದ ಬಣ್ಣ, ಬಳ್ಳಿಯಂಥ ಸೊಂಟ, ತುಟಿ ಬಿಚ್ಚದ ನಗು, ಕೈತುಂಬ ಹೂವು. ನಮ್ಮತ್ತೆ ಇದ್ದಿಲಿನ ಪಕ್ಕ ನಿಂತರೆ ಇದ್ದಿಲಿಗೆ ಧೈರ್ಯ ಬರುವಷ್ಟು ಕಪ್ಪು. ಮುಂದಿನ ಹಲ್ಲು ಉಬ್ಬು. ತೋಳಿನ ಸುಟ್ಟ ಕಲೆಯಂತೂ ಚಿತ್ರದಲ್ಲಿ ಇಲ್ಲವೇ ಇಲ್ಲ.

"ಒಂದಾನೊಂದು ಊರಲ್ಲಿ ಒಬ್ಬಳು ಒಳ್ಳೆಯ ಅಮ್ಮ ಇದ್ದಳು" ಎಂದು ಓದಿದಳು ಮಗಳು. "ಅವಳು ಎಂದೂ ಕೋಪಿಸಿಕೊಳ್ಳುತ್ತಿರಲಿಲ್ಲ."

ನಾನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟೆ.

ಮುಂದಿನ ಪುಟದಲ್ಲಿ ಸೋಡಾ ಯಜಮಾನ. ಬಿಳಿ ಮೀಸೆ, ಕರುಣೆ ತುಂಬಿದ ಕಣ್ಣು. "ದಯಾಳುವಾದ ಹಿರಿಯರೊಬ್ಬರು ಅವಳ ಕೈಹಿಡಿದು ಕುರ್ಚಿಯಲ್ಲಿ ಕೂರಿಸಿದರು." ಅದರ ಮುಂದಿನ ಪುಟದಲ್ಲಿ ಮಾರುಕಟ್ಟೆ. "ಮಾರುಕಟ್ಟೆಯ ಮೂಲೆ ಖಾಲಿಯಾಗಿತ್ತು, ಮಕ್ಕಳಿಗೆ ಆಡಲು ಜಾಗವಿರಲಿಲ್ಲ. ಒಳ್ಳೆಯ ಅಮ್ಮ ಅಲ್ಲಿ ಒಂದು ಹೂದೋಟ ಮಾಡಿದಳು." ಎರಡು ಪುಟದ ತುಂಬ ಕೆಂಪು, ಹಳದಿ ಹೂವು, ಚಿಟ್ಟೆ, ಕುಣಿಯುವ ಮಕ್ಕಳು. ಸೊಪ್ಪಿನ ಅಕ್ಕ ಇಲ್ಲ. ಬೀಗ ಇಲ್ಲ. ಚಹಾ ಇಲ್ಲ. ಕಕ್ಕಸಿನ ಸುದ್ದಿಯೇ ಇಲ್ಲ.

"ಅಜ್ಜಿ, ನೀನು ಹೂದೋಟ ಮಾಡಿದ್ಯಾ? ಎಲ್ಲಿದೆ? ನನ್ನ ಯಾಕೆ ಕರ್ಕೊಂಡು ಹೋಗಿಲ್ಲ?" ಎಂದಳು ಮಗಳು.

ನಮ್ಮತ್ತೆ ಪುಸ್ತಕವನ್ನು ಕೈಗೆ ತೆಗೆದುಕೊಂಡು ಚಿತ್ರಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದು ಬೇರೆ ಯಾರದ್ದೋ ಇರಬೇಕು. ತಪ್ಪಿ ನಮಗೆ ಬಂದಿದೆ" ಎಂದರು. ಹಿಂದಿನ ರಟ್ಟಿನ ಮೇಲೆ ಅವರದೇ ಫೋಟೋ ಇತ್ತು, ಅದನ್ನು ತೋರಿಸುವುದಕ್ಕೆ ನನಗೆ ಕೈ ಬರಲಿಲ್ಲ. ಮಗಳು ತೋರಿಸಿದಳು.

ನನ್ನ ಮೈಯೆಲ್ಲ ಉರಿದುಹೋಯಿತು. ಫೋನ್ ಹಚ್ಚಿದೆ.

"ಅಕ್ಕಾ, ನಾನು ಎಷ್ಟು ಜಗಳ ಆಡಿದೆ ಗೊತ್ತಾ ನಿಮಗೆ?" ಎಂದಳು ಪುಸ್ತಕದವಳು. "ಮಕ್ಕಳ ಪುಸ್ತಕದಲ್ಲಿ ಕಕ್ಕಸಿದ್ರೆ ಶಾಲೆಗಳು ತಗೊಳ್ಳಲ್ಲ ಅಂದ್ರು ನಮ್ಮ ಮೇಲಿನವರು. ಬೀಗ ಹಾಕೋದು ಕೆಟ್ಟ ಮೇಲ್ಪಂಕ್ತಿ ಅಂದ್ರು. ನಮ್ಮಲ್ಲಿ ಒಂದು ಕ್ರಮ ಇದೆ, ಕತೆಯ ನಡುವಿನ ಎರಡು ಪುಟ ಮಕ್ಕಳು ಗೋಡೆಗೆ ಅಂಟಿಸ್ಕೊಳ್ಳೋ ಹಾಗಿರಬೇಕು ಅಂತ. ಹೂದೋಟ ಅಂದ್ರೆ ಅದೊಂದು ಸಂಕೇತ ಅಷ್ಟೇ ಅಕ್ಕ."

"ಸಂಕೇತದ ಮೇಲೆ ಕೂತು ಒಂದಕ್ಕೆ ಹೋಗೋಕಾಗತ್ತೇನಮ್ಮ?" ಎಂದೆ.

"ಅಮ್ಮನಿಗೆ ಬೇಜಾರಾಯ್ತಾ?" ಎಂದಳು. ಬೇಜಾರಂತೆ! ಒಬ್ಬರ ಇಡೀ ಬದುಕನ್ನು ಇಸ್ತ್ರಿ ಮಾಡಿ ಅದರ ಮೇಲೆ ಹೂವು ಇಟ್ಟು ಕಳಿಸಿ, ಬೇಜಾರಾಯ್ತಾ ಅಂತೆ! ಫೋನ್ ಇಟ್ಟೆ.

ಆ ಸಂಜೆ ನಮ್ಮತ್ತೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಜವಾದ ಕತೆ ಹೇಳಿದರು. ಅಧ್ಯಕ್ಷರು ಮೇಜು ಹಿಡಿದುಕೊಂಡು ನಿಂತದ್ದನ್ನು ಎದ್ದು ನಿಂತು ಮಾಡಿ ತೋರಿಸಿದರು. ಹುಡುಗಿ ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕಳು. "ಇನ್ನೊಂದ್ಸಲ ಅಜ್ಜಿ, ಚಹಾದ್ದು ಇನ್ನೊಂದ್ಸಲ!" ಮರುದಿನ ಬೀದಿಯ ಮಕ್ಕಳನ್ನೆಲ್ಲ ಕರೆತಂದಳು. ಹೂದೋಟದ ಎರಡು ಪುಟವನ್ನು ಒಂದು ಮಗುವೂ ಯಾವ ಗೋಡೆಗೂ ಅಂಟಿಸಲಿಲ್ಲ, ಬೇಕಾದರೆ ಬಂದು ನೋಡಿಕೊಳ್ಳಲಿ.

ಅಷ್ಟಕ್ಕೇ ಮುಗಿದಿದ್ದರೆ ನಾನೂ ನಾಲ್ಕು ದಿನ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಪುರಸಭೆಯವರು ಆ ಪುಸ್ತಕವನ್ನು ಓದಿಬಿಟ್ಟರು. ಹುಟ್ಟಿದಾಗಿನಿಂದ ಒಂದು ಪುಸ್ತಕ ಓದದವರು ಇದನ್ನೇ ಓದಬೇಕೆ?

ಈಗಿನ ಅಧ್ಯಕ್ಷ ಆ ಸೋಡಾ ಯಜಮಾನನ ಮಗ. ಮಾರುಕಟ್ಟೆಯಲ್ಲಿ ಅವನಿಗೆ 'ಸೋಡಾಮರಿ' ಎನ್ನುತ್ತಾರೆ. ತನ್ನಪ್ಪ ದಯಾಳುವಾದ ಹಿರಿಯನಾಗಿ ಅಚ್ಚಾಗಿರುವುದನ್ನು ನೋಡಿ ಹಿಗ್ಗಿ ಹೀರೇಕಾಯಿಯಾದ. ಪುರಸಭೆಯ ಸಭಾಂಗಣದಲ್ಲೇ ಪುಸ್ತಕ ಬಿಡುಗಡೆ, ಶಾಲಾಮಕ್ಕಳು, ಮೈಕು, ಹಾರ. ನಮ್ಮತ್ತೆಯನ್ನು ವೇದಿಕೆಯ ನಡುವೆ ಕೂರಿಸಿದರು. ಸೋಡಾಮರಿ ಪುಸ್ತಕ ಎತ್ತಿಹಿಡಿದು ಹೇಳಿದ: "ಈ ತಾಯಿ ಮಾಡಿದ ಹೂದೋಟ ಕಾಲಾಂತರದಲ್ಲಿ ಹಾಳಾಗಿಹೋಯ್ತು. ಅದನ್ನ ಮತ್ತೆ ಅದೇ ಜಾಗದಲ್ಲಿ, ಮಾರುಕಟ್ಟೆಯ ಮೂಲೆಯಲ್ಲಿ, ಇವರ ಹೆಸರಿನಲ್ಲೇ ಮಾಡ್ತೀವಿ. ಅಲ್ಲೊಂದು ಹಳೇ ಕಟ್ಟಡ ಇದೆ, ಮುಂದಿನ ವಾರ ತೆಗೆಸಿಬಿಡ್ತೀವಿ."

ಸಭೆಯೆಲ್ಲ ಚಪ್ಪಾಳೆ. ನಮ್ಮತ್ತೆ ಎದ್ದು ಅವನ ಕೈಯಿಂದ ಮೈಕು ಕಿತ್ತುಕೊಂಡರು.

"ಅದು ಹಳೇ ಕಟ್ಟಡ ಅಲ್ಲ, ಕಕ್ಕಸು. ನಾನು ಮಾಡಿದ್ದು ಅದನ್ನೇ. ಹೂದೋಟ ಗೀದೋಟ ನಾನು ಮಾಡೇ ಇಲ್ಲ. ಮಾರುಕಟ್ಟೆ ಹೆಂಗಸರು ಎಲ್ಲಿಗೆ ಹೋಗ್ಬೇಕು?"

ಸಭೆ ಗೊಳ್ಳೆಂದು ನಕ್ಕಿತು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡರೋ, ಅರಳುಮರಳು ಎಂದುಕೊಂಡರೋ. ಸೋಡಾಮರಿ ಮೈಕನ್ನು ಮೆಲ್ಲಗೆ ವಾಪಸು ತೆಗೆದುಕೊಂಡು, "ಅಮ್ಮನವರಿಗೆ ವಯಸ್ಸಾಯ್ತು, ನೆನಪು ಸ್ವಲ್ಪ ಹಿಂದೆ ಮುಂದೆ. ದೊಡ್ಡವರು ತಾವು ಮಾಡಿದ್ದನ್ನ ಹೇಳ್ಕೊಳ್ಳಲ್ಲ. ಪುಸ್ತಕದಲ್ಲೇ ಇದೆಯಲ್ಲ!" ಎಂದ. ಇನ್ನೊಮ್ಮೆ ಚಪ್ಪಾಳೆ. ಪುಸ್ತಕದವಳು ಮೊದಲ ಸಾಲಿನಲ್ಲಿ ತಲೆ ತಗ್ಗಿಸಿ ಬೂಟು ನೋಡಿಕೊಳ್ಳುತ್ತಿದ್ದಳು. ಎದ್ದು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ.

ಮನೆಗೆ ಬಂದ ಮೇಲೆ ನಮ್ಮತ್ತೆ ಬಾಯಿ ಬಿಡಲಿಲ್ಲ. ಮರುದಿನವೂ ಬಿಡಲಿಲ್ಲ. ನಾನು ಬೇಕೆಂದೇ ಒಂದು ಅಂಗಿಯನ್ನು ಅಡ್ಡಾದಿಡ್ಡಿ ಮಡಿಸಿಟ್ಟೆ, ಅದನ್ನು ಹಾಗೆಯೇ ಗಿರಾಕಿಗೆ ಕೊಟ್ಟುಬಿಟ್ಟರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

"ಬೈದುಬಿಡಿ ಅತ್ತೆ. ಬೈದರೆ ಹಗುರಾಗತ್ತೆ."

"ಯಾರನ್ನ ಬೈಲಿ?" ಎಂದರು. "ಎಲ್ಲರೂ ಹೊಗಳ್ತಾನೇ ಇದ್ದಾರಲ್ಲೇ."

ನನಗೆ ಅಳು ಬಂತು, ಸಿಟ್ಟಿನ ಅಳು. ಆಗ ಬೀಗ ಹಾಕಿದ್ದವರು ಎದುರಿಗೆ ಸಿಕ್ಕಿದ್ದರು, ಎದೆಗೆ ಎದೆ ಕೊಡಬಹುದಿತ್ತು. ಈಗ ಹಾರ ಹಾಕಿ ಕೆಡವುತ್ತಾರೆ. ಇಬ್ಬರೂ ಪುರಸಭೆಗೆ ಹೋಗಿ ಎಂಜಿನಿಯರನನ್ನು ಕೇಳಿದೆವು: ಬೇರೆ ಕಕ್ಕಸು ಕಟ್ಟಿಸುತ್ತೀರಾ? "ಮುಂದಿನ ಯೋಜನೆಯಲ್ಲಿ ನೋಡೋಣ" ಎಂದ. ಮುಂದಿನ ಯೋಜನೆಯವರೆಗೆ ಹೊಟ್ಟೆ ಹಿಡಿದುಕೊಳ್ಳುವವರು ಇವನ ಮನೆಯವರಲ್ಲವಲ್ಲ. ಸೊಪ್ಪಿನ ಅಕ್ಕ ಆಗಲೇ ಬೆಳಗಿನ ನೀರು ಕುಡಿಯದಿರುವ ಅಭ್ಯಾಸ ಮಾಡಿಕೊಳ್ಳುತ್ತಿದ್ದಾಳೆ ಎಂದು ತಿಳಿದಾಗ ನಮ್ಮತ್ತೆಯ ಮುಖ ನೋಡಬೇಕಿತ್ತು. ತಮ್ಮ ಹೆಸರಿನಲ್ಲೇ ತಮ್ಮ ಕೆಲಸಕ್ಕೆ ಹಾರೆ ಹಾಕುತ್ತಿದ್ದಾರೆ. ಪುಸ್ತಕ ಏನಾದರೂ ಹಾಳಾಗಿಹೋಗಲಿ, ಆ ಬಾಗಿಲು ಉಳಿಯಬೇಕು ಎಂದರು ಅವತ್ತು.

ಕೆಡವುವ ದಿನ ನಾವು ಹೋಗುವಷ್ಟರಲ್ಲಿ ಕೆಲಸದವರು ನಲ್ಲಿಗಳನ್ನು ಕಿತ್ತು ಗೋಣಿಗೆ ತುಂಬಿದ್ದರು. ಒಳಗಿನ ಬಾಗಿಲುಗಳು ಆಗಲೇ ಗಾಡಿ ಹತ್ತಿದ್ದವು. ಉಳಿದದ್ದು ಹೊರಗಿನದೊಂದೇ, ಅದರ ಚಿಲಕವನ್ನೂ ಬಿಚ್ಚಿದ್ದರು. ಎಂಜಿನಿಯರ್ ಕೊಡೆಯ ಕೆಳಗೆ ನಿಂತಿದ್ದ. ಸುತ್ತ ತರಕಾರಿ ಹೆಂಗಸರು, ಕೂಗಾಟ. ಒಳಗೆ ಯಾರೂ ಇಲ್ಲ, ಪಕ್ಕಕ್ಕೆ ಸರಿಯಿರಿ, ಎಲ್ಲ ಒಳ್ಳೆಯದಕ್ಕೇ ಎಂದು ಎಂಜಿನಿಯರ್ ಒಂದೇ ಸಮನೆ ಹೇಳುತ್ತಿದ್ದ.

ಅಷ್ಟರಲ್ಲಿ ಫೋಟೋ ತೆಗೆಯುವವನೊಬ್ಬನನ್ನು ಕರೆದುಕೊಂಡು ಪುಸ್ತಕದವಳು ಬಂದಳು. ಹೂದೋಟದ ಗುದ್ದಲಿ ಹೊಡೆಯುವ ಚಿತ್ರ ಬೇಕಂತೆ ಅವರ ಮೇಲಿನವರಿಗೆ. ದೂರದ ಊರಿನಿಂದ ಬಸ್ಸಿನಲ್ಲಿ ಬಂದಿದ್ದಳು, ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತ್ತಂತೆ. ಮುಖ ಬಿಳಿಚಿಕೊಂಡಿತ್ತು. ಸುತ್ತ ನೋಡಿ ನನ್ನ ಹತ್ತಿರ ಬಂದು, ಕಿವಿಯಲ್ಲಿ, "ಅಕ್ಕಾ, ಇಲ್ಲಿ ಹತ್ತಿರ ಎಲ್ಲಾದರೂ ಬಾತ್‌ರೂಮ್…?" ಎಂದಳು.

ನನಗೆ ಬೇಕಾಗಿದ್ದದ್ದೇ ಅದು. "ನಿಮ್ಮ ಪುಸ್ತಕದಲ್ಲಿ ಅಷ್ಟೊಂದು ಹೂಗಿಡ ಇದೆಯಲ್ಲಮ್ಮ, ಒಂದರ ಹಿಂದೆ ಹೋಗಿ ಕೂತ್ಕೊಳ್ಳಿ!" ಎಂದೆ, ಇಡೀ ಮಾರುಕಟ್ಟೆಗೆ ಕೇಳುವ ಹಾಗೆ. ಹೆಂಗಸರೆಲ್ಲ ಹೋ ಎಂದು ನಕ್ಕರು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಅಲ್ಲಾಡದೆ ನಿಂತಳು, ಅಲ್ಲಾಡುವ ಸ್ಥಿತಿಯಲ್ಲಿರಲಿಲ್ಲ.

"ಬಾಯಿ ಮುಚ್ಚೇ!" ಎಂದು ನಮ್ಮತ್ತೆ ಗದರಿದರು. ಗದರಿದ್ದು ನನ್ನನ್ನು. "ಹೊಟ್ಟೆ ಹಿಡ್ಕೊಂಡು ನಿಂತವಳ ಹತ್ರ ಜಗಳ ಆಡ್ತಾರೇನೇ? ಬಾಮ್ಮಾ, ಬಾ." ಅವಳ ರಟ್ಟೆ ಹಿಡಿದು, ಹಾರೆ ಹಿಡಿದವರ ನಡುವೆ ನುಗ್ಗಿ, ಒಳಗೆ ಬಿಟ್ಟರು. ಬಾಗಿಲೆಳೆದು, ಚಿಲಕವಿಲ್ಲದ ಆ ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಅಗಲಿಸಿ ನಿಂತರು.

"ಅಮ್ಮಾ, ಈ ಕಡೆ ಬನ್ನಿ. ಕೆಲಸ ನಡೀಬೇಕು" ಎಂದ ಎಂಜಿನಿಯರ್.

"ಒಳಗೆ ಹೆಣ್ಣುಮಗಳಿದ್ದಾಳೆ. ಕಾಣಲ್ವಾ?"

"ಎಷ್ಟು ಹೊತ್ತು?"

"ತಾಳಿ, ಕೇಳ್ತೀನಿ." ನಮ್ಮತ್ತೆ ಕತ್ತು ಹಿಂದಕ್ಕೆ ತಿರುಗಿಸಿ, ಔಷಧಿ ಅಂಗಡಿಗಲ್ಲ, ಪುರಸಭೆಗೇ ಮುಟ್ಟುವಂತೆ ಕೂಗಿದರು. "ಪುಸ್ತಕದವಳೇ! ನಿನ್ನ ಹೂದೋಟ ಮಾಡೋಕೆ ಸಾಹೇಬರು ಕಾಯ್ತಿದ್ದಾರೆ. ಬಾಗಿಲು ಬಿಡಲೇನಮ್ಮ?"

ಮಾರುಕಟ್ಟೆ ಮಾರುಕಟ್ಟೆಯೇ ಕಿವಿಯಾಯಿತು. ಹಾರೆಯವರೂ ಕೈ ನಿಲ್ಲಿಸಿದರು.

"ಬೇಡ!" ಎಂದು ಒಳಗಿನಿಂದ ಕಿರುಚಿದಳು ಹುಡುಗಿ. "ಅಮ್ಮಾ, ದಮ್ಮಯ್ಯ, ಬಾಗಿಲು ಬಿಡಬೇಡಿ! ಯಾರು ಬಂದ್ರೂ ಬಿಡಬೇಡಿ!"

"ಬಿಡಲ್ಲ. ನೀನು ಆರಾಮಾಗಿರು" ಎಂದರು ನಮ್ಮತ್ತೆ. ಆಮೇಲೆ ಎಂಜಿನಿಯರನ ಕಡೆ ತಿರುಗಿ, "ಕೇಳಿಸ್ತಲ್ಲ? ಇವಳು ಬಂದ ಮೇಲೆ ಸೊಪ್ಪಿನವಳು ಹೋಗ್ತಾಳೆ. ಅವಳಾದ ಮೇಲೆ ಈರುಳ್ಳಿಯವಳು" ಎಂದರು.

ಅವರು ಹೇಳಿ ಮುಗಿಸುವುದರೊಳಗೆ, ಪಕ್ಕದವಳಿಗೂ ತಕ್ಕಡಿ ಒಪ್ಪಿಸದೆ, ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ನಮ್ಮತ್ತೆಯ ಮುಂದೆ ಸಾಲು ನಿಂತರು. ನಾನೂ ಹೋಗಿ ಸಾಲಿನಲ್ಲಿ ನಿಂತೆ.